ಪಿಗ್ಮಿ ಬ್ಯಾಗಲ್ಲಿ ಎಂಎ ಪುಸ್ತಕ

ತಿಪಟೂರು ಪೇಟೇಲಿ ಪಿಗ್ಮಿ ಕಲೆಕ್ಷನ್ ಮಾಡ್ಕೊಂಡಿರೋ ಮನುಷ್ಯ ಐವತ್ತರ ಹತ್ತಿರ ಬಂದ್ಮೇಲೆ ಸಮಾಜಶಾಸ್ತ್ರ ಎಂಎಗೆ ಸೇರ್ದ ಅಂದ್ರೆ ಜನ ಮೊದಲು ಕೇಳೋದು "ಪ್ರಮೋಷನ್ ಸಿಗುತ್ತಾ ಸಾರ್?" ಅಂತ. ಪಿಗ್ಮಿ ಏಜೆಂಟ್‌ಗೆ ಎಲ್ಲಿಂದ ಬರ್ಬೇಕು ಪ್ರಮೋಷನ್ನು, ನಮಗೆ ಸಂಬಳಾನೇ ಇಲ್ಲ, ಕಟ್ಟಿಸ್ಕೊಂಡಷ್ಟಕ್ಕೆ ಕಮಿಷನ್ ಅಷ್ಟೇ. ಎರಡನೇ ಪ್ರಶ್ನೆ "ಮತ್ತೆ ಯಾಕೆ?". ಇದಕ್ಕೆ ಒಬ್ಬೊಬ್ಬರ ಹತ್ರ ಒಂದೊಂದು ಥರ ಹೇಳಿ ತಪ್ಪಿಸ್ಕೊಂಡಿದೀನಿ, ಇಲ್ಲಿ ಇದ್ದದ್ದು ಇದ್ದ ಹಾಗೆ ಬರೀತೀನಿ, ಯಾಕಂದ್ರೆ ವಯಸ್ಸಾದ್ಮೇಲೆ ಓದೋದು ಅಂದ್ರೆ ಎಲ್ರೂ "ತಲೆಗೆ ಹತ್ತಲ್ಲ, ನೆನಪಿರಲ್ಲ" ಅಂತಾನೇ ಹೆದರಿಸ್ತಾರೆ, ನಾನು ಪಟ್ಟ ಪಾಡು ಬೇರೇನೇ ಇತ್ತು.

ಪಿಗ್ಮಿ ಗೊತ್ತಿಲ್ದೇ ಇರೋರಿಗೆ ಒಂದು ಮಾತು. 1928ರಲ್ಲಿ ನಮ್ಮ ಕರಾವಳೀಲಿ ಸಿಂಡಿಕೇಟ್ ಬ್ಯಾಂಕಿನೋರು ಶುರು ಮಾಡಿದ್ದು ಇದು, ಆಗ ದಿನಕ್ಕೆ ಎರಡಾಣೆ. ಮನೆ ಬಾಗಿಲಿಗೆ, ಅಂಗಡಿ ಬಾಗಿಲಿಗೆ ಹೋಗಿ ದಿನದ ಉಳಿತಾಯ ಈಸ್ಕೊಂಡು ಬರೋದು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕ್ ಜೊತೆ ಸೇರ್ಕೊಂಡ್ತು, ಆದ್ರೆ ಪಿಗ್ಮಿ ಅನ್ನೋ ಹೆಸರು ಎಲ್ಲಾ ಸಹಕಾರಿ ಸಂಘಗಳಲ್ಲೂ ಉಳ್ಕೊಂಡಿದೆ. ನಾನೂ ಒಂದು ಸೊಸೈಟಿಗೆ ಮಾಡೋದು. ಮುಂಚೆ ಕಾರ್ಡಲ್ಲಿ ಬರ್ದು ಸೈನ್ ಹಾಕ್ತಿದ್ವಿ, ಈಗ ಕೈಯಲ್ಲಿ ಮಿಷನ್ನು, ಒತ್ತಿದ್ರೆ ರಸೀದಿ ಬರುತ್ತೆ. ಆಮೇಲೆ ಫೋನ್‌ಪೇ ಗೂಗಲ್‌ಪೇ ಬಂದು ನಮ್ಮ ಕಸುಬಿನ ಅರ್ಧ ಜೀವ ಹೋಯ್ತು. ಗಲ್ಲಾಪೆಟ್ಟಿಗೇಲಿ ನೋಟೇ ಇರಲ್ಲ, "ಅಕೌಂಟಲ್ಲೇ ಇದೆಯಲ್ಲ ಸಾರ್, ಮತ್ತೆ ಯಾಕೆ ಪಿಗ್ಮಿ" ಅಂತಾರೆ. ಹಂಗಾಗಿ ಮಧ್ಯಾಹ್ನ ಊಟ ಆದ್ಮೇಲೆ ಸಂಜೆ ರೌಂಡ್‌ವರೆಗೂ ಟೈಮು ಖಾಲಿ. ಎಂಎ ಮಾಡಿದ್ದಕ್ಕೆ ಮೊದಲ ಕಾರಣ ಅದೇ, ಖಾಲಿ ಮಧ್ಯಾಹ್ನ. ಜ್ಞಾನದಾಹ ಗೀನದಾಹ ಎಲ್ಲ ಆಮೇಲೆ.

ಎರಡನೇ ಕಾರಣ ಮಗಳ ಪುಸ್ತಕ. ಅವಳು ಡಿಗ್ರೀಲಿ ಸಮಾಜಶಾಸ್ತ್ರ ತಗೊಂಡಿದ್ಲು, ಟೇಬಲ್ ಮೇಲೆ ಬಿದ್ದಿದ್ದ ಪುಸ್ತಕ ತಿರುವಿ ಹಾಕಿದ್ರೆ "ಪ್ರಬಲ ಜಾತಿ" ಅಂತ ಒಂದು ಅಧ್ಯಾಯ. ಮೈಸೂರಲ್ಲೇ ಹುಟ್ಟಿದ ಎಂ. ಎನ್. ಶ್ರೀನಿವಾಸ್ ಅನ್ನೋರು 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳೀಲಿ ಹೋಗಿ ಕೂತು, ಯಾರ ಮಾತು ನಡೆಯುತ್ತೆ, ಯಾರ ಜಮೀನೆಷ್ಟು, ಯಾರು ಯಾರ ಜಗುಲಿ ಮೇಲೆ ಕೂರ್ತಾರೆ ಅಂತೆಲ್ಲ ನೋಡಿ ಬರ್ದಿದ್ದು. ಆ ಹಳ್ಳಿಗೆ ರಾಮಪುರ ಅಂತ ಬೇರೆ ಹೆಸರಿಟ್ಟು ಬರ್ದಿದಾರೆ. ನಾನು ನಿಂತ್ಕೊಂಡೇ ಓದ್ದೆ, ಓದ್ತಾ ಓದ್ತಾ ಅನ್ನಿಸ್ತು, ಅಲ್ಲಪ್ಪ, ಇದು ನಾನು ದಿನಾ ಸಂಜೆ ನೋಡೋದೇ ಅಲ್ವಾ, ಯಾವ ಮಂಡಿ ಸಾಹುಕಾರರು ಚೇರ್ ತೋರಿಸಿ ಕೂರಿ ಅಂತಾರೆ, ಯಾರು ನಿಂತ್ಕೊಂಡೇ ದುಡ್ಡು ಎಣಿಸಿ ಕಳಿಸ್ತಾರೆ, ಇದನ್ನ ಓದೋಕೂ ಡಿಗ್ರಿ ಕೊಡ್ತಾರಾ ಅಂತ.

ಬಿಎ 1998ರಲ್ಲಿ ಮುಗಿಸಿದ್ದೆ, ಎಚ್‌ಇಪಿ, ಅಂದ್ರೆ ಇತಿಹಾಸ, ಎಕನಾಮಿಕ್ಸ್, ರಾಜ್ಯಶಾಸ್ತ್ರ. ಎಂಎ ಆಗ್ಲೇ ಮಾಡ್ಬೇಕು ಅಂತಿತ್ತು, ಅಷ್ಟರಲ್ಲಿ ತೆಂಗಿಗೆ ನುಸಿ ಪೀಡೆ ಬಂತು. ನಮ್ಮ ಕಡೆಯೋರಿಗೆ ಆ ವರ್ಷಗಳು ಚೆನ್ನಾಗಿ ನೆನಪಿರುತ್ತೆ, ಕಾಯೆಲ್ಲ ಸಿಪ್ಪೆ ಸುಕ್ಕುಗಟ್ಟಿ ನಿಂಬೆಹಣ್ಣಿನಷ್ಟರಲ್ಲೇ ಉದುರ್ತಿದ್ವು, ತೋಟ ನಂಬ್ಕೊಂಡಿದ್ದ ಮನೆಗಳಲ್ಲಿ ಓದು ಗೀದು ಎಲ್ಲ ಬಿಟ್ಟು ಯಾವ ಕೆಲಸ ಸಿಕ್ಕಿದ್ರೂ ಹಿಡ್ಕೊಂಡ್ರು. ನಾನು ಪಿಗ್ಮಿ ಬ್ಯಾಗ್ ಹಿಡ್ಕೊಂಡೆ.

ಸೇರೋ ವಿಷ್ಯಕ್ಕೆ ಬರ್ತೀನಿ. ಕೆಲಸ ಬಿಟ್ಟು ರೆಗ್ಯುಲರ್ ಹೋಗೋಕಾಗಲ್ಲ, ಕನ್ನಡದಲ್ಲೇ ಬರೀಬೇಕು, ಹಂಗಾಗಿ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ. 1969ರಲ್ಲಿ ಮೈಸೂರು ವಿವಿಯ ಅಂಚೆ ತೆರಪಿನ ಶಿಕ್ಷಣ ಅಂತ ಶುರುವಾಗಿದ್ದು, 1996ರಲ್ಲಿ ಬೇರೆ ವಿಶ್ವವಿದ್ಯಾನಿಲಯ ಆಯ್ತು. ಪೇಟೇಲಿ ಒಬ್ಬರು "ಅದರ ಡಿಗ್ರಿ ನಡೆಯುತ್ತಾ?" ಅಂತ ಹುಳ ಬಿಟ್ರು. 2013-14ರಿಂದ ಕೆಲವು ವರ್ಷ ಯುಜಿಸಿ, ಅಂದ್ರೆ ವಿಶ್ವವಿದ್ಯಾನಿಲಯ ಅನುದಾನ ಆಯೋಗದ ಮಾನ್ಯತೆ ಇರ್ಲಿಲ್ಲ ಅನ್ನೋದು ನಿಜ, 2018ರಲ್ಲಿ ವಾಪಸ್ ಸಿಕ್ತು. ಸುಮ್ನೆ ಅವರಿವರನ್ನ ಕೇಳೋ ಬದ್ಲು ಯುಜಿಸಿಯ ದೂರಶಿಕ್ಷಣ ಬ್ಯೂರೋ ಪಟ್ಟೀಲಿ ನಮ್ಮ ಕೋರ್ಸು, ನಮ್ಮ ವರ್ಷ ಎರಡೂ ಇದೆಯಾ ಅಂತ ಮಗಳ ಕೈಲಿ ತೆಗೆಸಿ ನೋಡಿದೆ, ಇತ್ತು. ಮಾನ್ಯತೆ ಇರೋ ಕಡೆ ದೂರಶಿಕ್ಷಣದಲ್ಲಿ ತಗೊಂಡ ಡಿಗ್ರಿ ರೆಗ್ಯುಲರ್‌ಗೆ ಸಮ ಅಂತ 2022ರಲ್ಲಿ ಯುಜಿಸಿ ಪ್ರಕಟಣೇನೇ ಹೊರಡ್ಸಿದೆ. ಅದನ್ನ ಪ್ರಿಂಟ್ ತೆಗ್ದು ಬ್ಯಾಗಲ್ಲಿ ಇಟ್ಕೊಂಡಿದ್ದೆ ಸ್ವಲ್ಪ ದಿನ, ಹುಳ ಬಿಟ್ಟೋರಿಗೆ ತೋರ್ಸೋಕೆ.

ದಾಖಲೆ ಓಡಾಟ ಮಾತ್ರ ಸುಸ್ತು ಮಾಡ್ಬಿಡ್ತು. ವಲಸೆ ಪ್ರಮಾಣ ಪತ್ರ ಬೇಕು ಅಂದ್ರು, ಮೈಗ್ರೇಷನ್ನು. ನಮ್ಮ ಜಿಲ್ಲೆಗೆ ತುಮಕೂರು ವಿವಿ ಇದೆ, ಅಲ್ಲೇ ಸಿಗುತ್ತೆ ಅಂತ ಎಲ್ರೂ ಹೇಳಿದ್ರು, ಆದ್ರೆ ಅದು ಹುಟ್ಟಿದ್ದೇ 2004ರಲ್ಲಿ, ನಾನು ಓದುವಾಗ ನಮ್ಮ ಕಾಲೇಜುಗಳೆಲ್ಲ ಬೆಂಗಳೂರು ವಿವಿ ಕೆಳಗಿದ್ವು, ಹಂಗಾಗಿ ಜ್ಞಾನಭಾರತಿಗೇ ಹೋಗ್ಬೇಕು. ಅದಕ್ಕೂ ಮುಂಚೆ ಹಳೇ ಕಾಲೇಜಲ್ಲಿ ಒಂದು ಕಾಗದ ಬೇಕಿತ್ತು. ಯಾವ ಕಾಲೇಜು ಅಂತ ಹೇಳಲ್ಲ, ಅಲ್ಲಿ ಕೂತಿದ್ದ ಹುಡುಗ ನನ್ನ ಅಡ್ಮಿಷನ್ ನಂಬರ್ ಕೇಳ್ದ, 95ರ ಇಸವೀದು ಯಾರಿಗಪ್ಪ ನೆನಪಿರುತ್ತೆ. "ರೆಕಾರ್ಡ್ ರೂಮ್ ಬೀಗದ ಕೈ ಇರೋರು ರಜಾ" ಅಂದ, ಮುಂದಿನ ಸಲ ಹೋದ್ರೆ ಅವ್ರು ಬಂದಿದಾರೆ ಈ ಹುಡುಗ ರಜಾ. ಕೊನೆಗೆ ಅಲ್ಲೇ ಅಟೆಂಡರ್ ಆಗಿರೋ ಒಬ್ಬರು, ನಮ್ಮ ಪಿಗ್ಮಿ ಕಸ್ಟಮರ್ರೇ, ಧೂಳು ಹೊಡ್ದು ಲೆಡ್ಜರ್ ಇಳಿಸಿದ್ರು. ಅದ್ರಲ್ಲಿ ನನ್ನ ಅಪ್ಪನ ಸೈನ್ ಇತ್ತು, ಉದ್ದಕ್ಕೆ, ತೆಂಗಿನ ಗರಿ ಥರ ಒಂದು ಕಡೆ ಬಾಗಿರೋದು. ಅಟೆಂಡರ್ ಅಣ್ಣ "ಫೋಟೋ ತಗೋಳಿ ಸಾರ್" ಅಂದ್ರು, ತಗೊಂಡೆ.

ಇನ್ನೊಂದು ತಲೆನೋವು ಆನ್‌ಲೈನ್. ಈಗ ದೂರಶಿಕ್ಷಣಕ್ಕೆ ಸೇರೋಕೆ ಡಿಇಬಿ ಐಡಿ, ಅಂದ್ರೆ ಆ ದೂರಶಿಕ್ಷಣ ಬ್ಯೂರೋದ ನಂಬರ್ ಬೇಕು, ಅದಕ್ಕೆ ಮುಂಚೆ ಓದಿನ ಕ್ರೆಡಿಟ್ ಲೆಕ್ಕ ಇಡೋ ಎಬಿಸಿ ಐಡಿ, ಅದು ಡಿಜಿಲಾಕರ್ ಆಧಾರ್ ಎಲ್ಲದಕ್ಕೂ ಗಂಟು ಹಾಕಿರುತ್ತೆ. ಹತ್ತನೇ ಕ್ಲಾಸ್ ಅಂಕಪಟ್ಟೀಲಿ ಇನಿಷಿಯಲ್ ಮುಂದೆ, ಆಧಾರಲ್ಲಿ ಹಿಂದೆ, ನಮ್ಮ ವಯಸ್ಸಿನ ಅರ್ಧ ಜನಕ್ಕೆ ಇದೇ ಗೋಳು. ಆಧಾರ್ ಸರಿ ಮಾಡಿಸ್ಕೊಂಡು ಬರೋ ಹೊತ್ತಿಗೆ ಕೊನೇ ದಿನ ಹತ್ರ ಬಂದಿತ್ತು. ಮಗಳೇ ಕೂತು ಫಾರಂ ತುಂಬಿದ್ಲು, "ಪೋಷಕರ ಹೆಸರು" ಅಂತ ಬಂದಾಗ ಅವಳಿಗೆ ನಗು ತಡೆಯಕ್ಕಾಗ್ಲಿಲ್ಲ.

ಪುಸ್ತಕ ಬಂತು. ಮಧ್ಯಾಹ್ನ ಮನೇಲಿ ಓದಕ್ಕಾಗಲ್ಲ, ನಿದ್ದೆ ಎಳೆಯುತ್ತೆ, ಅದಕ್ಕೆ ಬಿಎಚ್ ರೋಡಲ್ಲಿ ಒಬ್ಬ ಕಸ್ಟಮರ್ ಕೊಬ್ಬರಿ ಮಂಡಿ ಹಿಂದೆ ಚೀಲ ಜೋಡ್ಸಿರೋ ಕೋಣೇಲಿ ಕೂರ್ತಿದ್ದೆ. ಟೆಂಡರ್ ದಿನ ಬಿಟ್ರೆ ಅಲ್ಲಿ ಗಲಾಟೆ ಇಲ್ಲ, ಕೊಬ್ಬರಿ ವಾಸನೆ ಒಂದು ತಲೆಗೇರುತ್ತೆ ಅಷ್ಟೇ. ಹಮಾಲಿ ಮಾಡೋರು ಬಂದು ಇಣುಕಿ "ಏನ್ ಓದ್ತಿದೀರಣ್ಣ" ಅಂತ ಕೇಳೋರು. ಡರ್ಖೈಮ್ ಅಂದ್ರೆ ಯಾರು ಅಂತ ಹೇಳೋದು ಅವ್ರಿಗೆ? ಆದ್ರೂ ಹೇಳ್ದೆ, ಹಳೇ ಕಾಲದಲ್ಲಿ ಎಲ್ರೂ ಒಂದೇ ಥರ ಕೆಲಸ ಮಾಡ್ತಾ ಒಂದೇ ಥರ ಇದ್ದಿದ್ರಿಂದ ಒಟ್ಟಿಗಿದ್ರು, ಈಗ ಒಬ್ಬೊಬ್ರು ಒಂದೊಂದು ಕೆಲಸ ಮಾಡೋದ್ರಿಂದ ಒಬ್ರಿಗೊಬ್ರು ಬೇಕಾಗಿ ಒಟ್ಟಿಗಿದಾರೆ ಅಂತ 1893ರಲ್ಲೇ ಫ್ರಾನ್ಸಲ್ಲಿ ಒಬ್ಬ ಬರ್ದಿದಾನೆ ಅಂತ. ಅವ್ರಲ್ಲೊಬ್ರು "ನಾವು ಚೀಲ ಎತ್ತಲಿಲ್ಲ ಅಂದ್ರೆ ಸಾಹುಕಾರ್ರು ಕೊಬ್ಬರಿ ಜೊತೆಗೇ ಮಲಗ್ಬೇಕು, ಅದನ್ನೇನಾ?" ಅಂದ್ರು. ಹೂಂ, ಅದನ್ನೇ ಅಂದೆ. ಈ ಎರಡು ಥರದ ಒಗ್ಗಟ್ಟಿಗೆ ಇರೋ ಹೆಸರು, ಯಾಂತ್ರಿಕ ಐಕ್ಯತೆ ಸಾವಯವ ಐಕ್ಯತೆ ಅಂತ, ಪರೀಕ್ಷೇಲಿ ಬಂದಾಗ್ಲೆಲ್ಲ ನನಗೆ ಆ ಮಾತೇ ಮೊದಲು ಜ್ಞಾಪಕಕ್ಕೆ ಬರ್ತಿದ್ದಿದ್ದು.

ನೋಡಿ, ಇಲ್ಲೇ ಇರೋದು ಗಂಟು. ಇಪ್ಪತ್ತೆರಡರ ಹುಡುಗರಿಗೆ ಪುಸ್ತಕದಲ್ಲಿ ಇರೋದು ಗೊತ್ತು, ಊರು ಗೊತ್ತಿಲ್ಲ, ಹಂಗಾಗಿ ಪುಸ್ತಕದ್ದೇ ಬರೀತಾರೆ, ಅಂಕ ಬರುತ್ತೆ. ನಮ್ಮಂಥೋರಿಗೆ ಎಲ್ಲದಕ್ಕೂ ಒಂದು ಉದಾಹರಣೆ ಗೊತ್ತು. ಕುಟುಂಬ ಅಂದ ತಕ್ಷಣ ಪಾಲಾದ ಮನೆಗಳ ಸಾಲೇ ಕಣ್ಮುಂದೆ ಬರುತ್ತೆ, ಯಾವ ಅಣ್ಣ ತಮ್ಮ ಒಂದೇ ಅಂಗಡಿ ಮಧ್ಯ ಗೋಡೆ ಎಬ್ಬಿಸಿ ಎರಡು ಪಿಗ್ಮಿ ಅಕೌಂಟ್ ಮಾಡ್ಕೊಂಡ್ರು ಅಂತ ದಿನಾಂಕ ಸಮೇತ ಗೊತ್ತು. ಅದನ್ನೆಲ್ಲ ಬರ್ದೆ ಮೊದಲ ಅಸೈನ್‌ಮೆಂಟಲ್ಲಿ, ಪುಟಗಟ್ಲೆ. ವಾಪಸ್ ಬಂದಾಗ ಮಾರ್ಜಿನ್ನಲ್ಲಿ ಕೆಂಪು ಪೆನ್ನಲ್ಲಿ ಇದ್ದಿದ್ದು, "ಅನುಭವ ಚೆನ್ನಾಗಿದೆ. ಪರಿಕಲ್ಪನೆ ಎಲ್ಲಿ?"

ನನಗೆ ಸಿಟ್ಟು ಬಂತು. ಸಂಪರ್ಕ ತರಗತಿಗೆ ಮೈಸೂರಿಗೆ ಹೋದಾಗ ಕೇಳೇಬಿಡೋಣ ಅಂತ ಹೋದೆ, ಅರಸೀಕೆರೇಲಿ ಟ್ರೇನ್ ಬದಲಾಯ್ಸಿ ಹಾಸನ ಹೊಳೆನರಸೀಪುರ ಕೆ.ಆರ್. ನಗರ ಅಂತ ಉದ್ದಕ್ಕೂ ಮನಸ್ಸಲ್ಲೇ ಜಗಳ ಆಡ್ಕೊಂಡು. ನಮ್ಮ ಮುಕ್ತ ವಿವಿ ಕ್ಯಾಂಪಸ್ ಮುಕ್ತಗಂಗೋತ್ರಿ ಇರೋದು ಮೈಸೂರು ವಿವಿಯ ಮಾನಸಗಂಗೋತ್ರಿ ಪಕ್ಕದಲ್ಲೇ, ಒಳ್ಳೇ ಮರಗಳು. ಕ್ಲಾಸಲ್ಲಿ ನನ್ನ ವಯಸ್ಸಿನೋರು ಕಮ್ಮಿ ಏನಿರ್ಲಿಲ್ಲ, ನೈಟ್ ಡ್ಯೂಟಿ ಮುಗಿಸ್ಕೊಂಡು ಬಂದಿದ್ದ ಕಾನ್ಸ್‌ಟೇಬಲ್ ಒಬ್ರು ಮೊದಲ ಬೆಂಚಲ್ಲೇ ಕಣ್ಣು ಮುಚ್ಚಿಕೊಂಡಿದ್ರು, ಅಂಗನವಾಡಿ ಟೀಚರ್ ಇಬ್ರು, ಒಬ್ಬರು ಆಗ್ಲೇ ಅಜ್ಜಿ ಆಗಿದ್ರು, ಮೊಮ್ಮಗುವಿಗೆ ಜ್ವರ ಅಂತ ಮಧ್ಯ ಮಧ್ಯ ಫೋನು. ಪಾಠ ಮಾಡೋ ಸರ್ ನನಗಿಂತ ಚಿಕ್ಕೋರು. ನಾನು ನಮಸ್ಕಾರ ಸರ್ ಅಂದ್ರೆ ಅವ್ರು ನಮಸ್ಕಾರ ಸರ್ ಅಂತಾರೆ, ಯಾರು ಮೊದಲು ಕೂರ್ಬೇಕು ಅಂತಾನೇ ಇಬ್ರಿಗೂ ಗೊತ್ತಾಗಲ್ಲ.

ನಾನು ಕೇಳ್ದೆ, ಶ್ರೀನಿವಾಸ್ ಹಳ್ಳೀಲಿ ನೋಡಿದ್ದನ್ನ ಬರ್ದ್ರೆ ಶಾಸ್ತ್ರ, ನಾನು ಪೇಟೇಲಿ ನೋಡಿದ್ದನ್ನ ಬರ್ದ್ರೆ ಕಥೆ, ಇದ್ಯಾವ ನ್ಯಾಯ ಸರ್. ಅವ್ರು ನಗ್ಲಿಲ್ಲ, ಅದಕ್ಕೆ ಗೌರವ. "ನೀವು ನೋಡಿರೋ ಅಣ್ಣ ತಮ್ಮಂದಿರ ಗೋಡೆ ಇದೆಯಲ್ಲ ಸರ್, ಅಂಥದ್ದು ಇನ್ನೆಷ್ಟು ಅಂಗಡೀಲಿ ಆಗಿದೆ, ಯಾವ ಥರ ಅಂಗಡೀಲಿ ಆಗಿಲ್ಲ, ಯಾಕೆ? ಆ ಯಾಕೆಗೆ ಉತ್ತರ ಬರೆಯೋಕೆ ಶುರು ಮಾಡಿ" ಅಂದ್ರು. ಆಮೇಲೆ ಶ್ರೀನಿವಾಸ್ ಬಗ್ಗೆ ಒಂದು ವಿಷ್ಯ ಹೇಳಿದ್ರು, ನನಗೆ ಗೊತ್ತಿರ್ಲಿಲ್ಲ. 1970ರಲ್ಲಿ ಅವ್ರು ಅಮೆರಿಕದ ಸ್ಟ್ಯಾನ್‌ಫರ್ಡಲ್ಲಿ ಇದ್ದಾಗ ಬೆಂಕಿ ಬಿದ್ದು, ವರ್ಷಗಟ್ಲೆ ಕೂತು ಸಿದ್ಧ ಮಾಡಿಟ್ಟಿದ್ದ ಟಿಪ್ಪಣಿಗಳು ಸುಟ್ಟು ಹೋದ್ವಂತೆ, ಆಮೇಲೆ ನೆನಪಿಂದಾನೇ ಆ ಹಳ್ಳಿ ಬಗ್ಗೆ ಪೂರ್ತಿ ಪುಸ್ತಕ ಬರ್ದ್ರಂತೆ. ಆಗ ಅವ್ರಿಗೂ ಐವತ್ತು ದಾಟಿತ್ತು. "ನೆನಪಿರಲ್ಲ" ಅನ್ನೋರಿಗೆ ಹೇಳೋಕೆ ನನಗೆ ಒಳ್ಳೇ ಮಾತು ಸಿಕ್ತು.

ಅಲ್ಲಿಂದ ಓದೋ ರೀತಿ ಬದಲಾಯ್ತು. ಕಲೆಕ್ಷನ್ ನೋಟ್‌ಬುಕ್ ಹಿಂದಿನ ಹಾಳೇಲಿ ಎರಡು ಕಾಲಂ ಹಾಕ್ಕೊಂಡೆ, ಎಡಗಡೆ ಪೇಟೇಲಿ ಕಂಡಿದ್ದು, ಬಲಗಡೆ ಪುಸ್ತಕದಲ್ಲಿ ಅದಕ್ಕೆ ಏನಂತಾರೆ, ಯಾರು ಅಂದ್ರು, ಯಾವ ವರ್ಷ. ಎಡಗಡೆ ತುಂಬೋದು ಸುಲಭ, ಬಲಗಡೆ ಖಾಲಿ ಬಿಟ್ಟು ವಾರಗಟ್ಲೆ ಕಾಯ್ಬೇಕಾಗ್ತಿತ್ತು. ಚೀಟಿ ವಿಷ್ಯ ಹಂಗೇ ಆಯ್ತು. ನಮ್ಮ ಪೇಟೇಲಿ ಹೂವಿನ ಅಂಗಡಿ ಅಕ್ಕ ಒಬ್ರು ಚೀಟಿ ನಡೆಸ್ತಾರೆ, ಬರೀ ಹೆಂಗಸರದ್ದು, ಬಾಂಡಿಲ್ಲ ಸೈನಿಲ್ಲ, ಆದ್ರೂ ಒಬ್ರೂ ಕೈ ಕೊಟ್ಟಿಲ್ಲ. ನನಗೆ ಕಸುಬಿನ ಹೊಟ್ಟೆಕಿಚ್ಚು, ಸೊಸೈಟೀಲಿ ಜಾಮೀನು ತಗೊಂಡ್ರೂ ಸಾಲ ಮುಳುಗುತ್ತೆ, ಇವ್ರದ್ದು ಹೆಂಗೆ ಮುಳುಗಲ್ಲ? ಸರ್ ಹೇಳಿದ್ರು, ಕ್ಲಿಫರ್ಡ್ ಗೀರ್ಟ್ಜ್ ಅಂತ ಅಮೆರಿಕದೋರು 1962ರಲ್ಲಿ ಇದೇ ಚೀಟಿ ಬಗ್ಗೆ ಲೇಖನ ಬರ್ದಿದಾರೆ, ಇಂಡೋನೇಷ್ಯಾದ ಜಾವಾದಲ್ಲಿ ನೋಡಿದ್ದು, ಹಳ್ಳಿಯ ನಂಬಿಕೆಗೂ ಪೇಟೆಯ ಲೆಕ್ಕಾಚಾರಕ್ಕೂ ನಡುವೆ ಇದೊಂದು ಮೆಟ್ಟಿಲು, ಬ್ಯಾಂಕು ಬಂದ್ಮೇಲೆ ಕ್ರಮೇಣ ಹೋಗ್ಬೋದು ಅನ್ನೋ ಅರ್ಥದಲ್ಲಿ. ಸಂಜೆ ಅಕ್ಕನಿಗೆ ಹೇಳ್ದೆ. "ಬ್ಯಾಂಕ್ ಬಂದು ಎಷ್ಟ್ ವರ್ಷ ಆಯ್ತಣ್ಣ, ನಾನು ಹೋದ್ನಾ?" ಅಂತ ಮಾರು ಕಟ್ತಾನೇ ಕೇಳಿದ್ರು. ಇದನ್ನೇ ಗೀರ್ಟ್ಜ್ ಮೇಲಿನ ಟೀಕೆ ಅಂತ ಅಸೈನ್‌ಮೆಂಟಲ್ಲಿ ಬರ್ದೆ, ಅಕ್ಕನ ಹೆಸರು ಹಾಕದೇನೇ, "ಒಬ್ಬ ಚೀಟಿ ಸಂಘಟಕಿಯ ಪ್ರಕಾರ" ಅಂತ. ಕೆಂಪು ಪೆನ್ನಲ್ಲಿ ಈ ಸಲ ಬರೀ ಟಿಕ್ ಇತ್ತು.

ಸಂಶೋಧನಾ ವಿಧಾನ ಪೇಪರ್ ಬಗ್ಗೆ ಜಾಸ್ತಿ ಹೇಳಲ್ಲ. ಸರಾಸರಿ, ಮಧ್ಯಾಂಕ, ಬಹುಲಕ ತನಕ ನಾನೇ ರಾಜ, ಮಾನಕ ವಿಚಲನೆ ಬಂದಾಗ ಮಗಳ ಮುಂದೆ ಕೈಕಟ್ಟಿ ಕೂತೆ. ಅವಳು ಪಿಗ್ಮಿ ರಸೀದಿಗಳನ್ನೇ ಇಟ್ಕೊಂಡು ಹೇಳ್ಕೊಟ್ಲು, ಇಬ್ರು ಕಸ್ಟಮರ್ರು, ಇಬ್ರದ್ದೂ ತಿಂಗಳ ಸರಾಸರಿ ಒಂದೇ, ಒಬ್ರು ದಿನಾ ನೂರು ಕಟ್ತಾರೆ, ಇನ್ನೊಬ್ರು ಒಂದಿನ ಐನೂರು ಆಮೇಲೆ ನಾಲ್ಕು ದಿನ ಸೊನ್ನೆ, ಈ ಏರಿಳಿತಾನೇ ಅಪ್ಪ ಅಳೆಯೋದು ಅಂತ. ಹೌದಲ್ಲ, ಸಾಲ ಕೊಡೋವಾಗ ನಾವು ಮ್ಯಾನೇಜರಿಗೆ ಬಾಯಲ್ಲಿ ಹೇಳೋದು ಇದನ್ನೇ.

ಪರೀಕ್ಷೆ ತುಮಕೂರಲ್ಲಿ. ಓದಿದ್ದು ನೆನಪಿತ್ತು, ಕೈ ಕೇಳ್ಲಿಲ್ಲ. ಇಷ್ಟು ವರ್ಷ ನಾನು ಬರ್ದಿದ್ದು ಬರೀ ಅಂಕಿ ಮತ್ತೆ ಸೈನು, ಮೂರು ಗಂಟೆ ಒಂದೇ ಸಮ ಕನ್ನಡ ಬರೆಯೋದು ಅಂದ್ರೆ ಹೆಬ್ಬೆರಳ ಬುಡದಿಂದ ಮೊಣಕೈ ತನಕ ಹಿಡ್ಕೊಳ್ಳುತ್ತೆ. ಕೊನೇ ಉತ್ತರಗಳ ಅಕ್ಷರ ನನಗೇ ಓದಕ್ಕಾಗ್ತಿರ್ಲಿಲ್ಲ, ಮೌಲ್ಯಮಾಪನ ಮಾಡಿದೋರು ಪುಣ್ಯಾತ್ಮರು. ಎರಡನೇ ವರ್ಷಕ್ಕೆ ಮುಂಚೆ ದಿನಾ ರಾತ್ರಿ ಗಡಿಯಾರ ಇಟ್ಕೊಂಡು ಪೇಪರ್ ಸುದ್ದಿ ನಕಲು ಮಾಡ್ತಾ ಕೈ ಪಳಗಿಸ್ದೆ. ಸೇರೋರಿಗೆ ನಾನು ಹೇಳೋ ಸಲಹೆ ಇದೊಂದೇ, ಓದೋದು ಹೆಂಗೂ ಆಗುತ್ತೆ, ಬರೆಯೋದನ್ನ ಮೊದಲ ದಿನದಿಂದ ಶುರು ಮಾಡಿ, ಬಾಲ್ ಪೆನ್ ಬದ್ಲು ಒತ್ತದೆ ಓಡೋ ಜೆಲ್ ಪೆನ್ ತಗೊಳಿ.

ಪಾಸಾಯ್ತು, ಸೆಕೆಂಡ್ ಕ್ಲಾಸ್. ಲೆಕ್ಚರರ್ ಆಗೋಕೆ ಬರೆಯೋ ಅರ್ಹತಾ ಪರೀಕ್ಷೆ ಕೆಸೆಟ್‌ಗೆ ವಯಸ್ಸಿನ ಮಿತಿ ಇಲ್ಲ, ಎಂಎಲಿ ಶೇಕಡ 55 ಇದ್ರೆ ಬರೀಬೋದು, ನೀವೂ ಲೆಕ್ಚರರ್ ಆಗ್ಬೋದು ಅಂತ ಕ್ಲಾಸಿನ ಕಾನ್ಸ್‌ಟೇಬಲ್ ಸಾಹೇಬ್ರು ಫೋನ್ ಮಾಡಿ ಹುರಿದುಂಬಿಸ್ತಿರ್ತಾರೆ. ಬರೀತೀನೋ ಇಲ್ವೋ ಗೊತ್ತಿಲ್ಲ. ಸದ್ಯಕ್ಕೆ ನನ್ನ ತಲೆ ತುಂಬ ಇರೋದು ಮುಯ್ಯಿ. ಮಾರ್ಸೆಲ್ ಮೋಸ್ ಅಂತ ಫ್ರಾನ್ಸಿನೋರು 1925ರಲ್ಲಿ ಉಡುಗೊರೆ ಬಗ್ಗೆ ದೊಡ್ಡ ಪ್ರಬಂಧ ಬರ್ದಿದಾರೆ, ಕೊಡೋದು, ತಗೊಳೋದು, ವಾಪಸ್ ಕೊಡೋದು ಮೂರೂ ಕಡ್ಡಾಯ, ಪುಕ್ಕಟೆ ಉಡುಗೊರೆ ಅನ್ನೋದೇ ಇಲ್ಲ ಅಂತ. ನಮ್ಮ ಕಡೆ ಮದುವೆ ಮನೇಲಿ ಒಬ್ರು ಪುಸ್ತಕ ಹಿಡ್ಕೊಂಡು ಕೂತು ಯಾರು ಎಷ್ಟು ಮುಯ್ಯಿ ಮಾಡಿದ್ರು ಅಂತ ಬರೀತಾರಲ್ಲ, ಅವರ ಮನೆ ಮದುವೆ ಬಂದಾಗ ಆ ಪುಸ್ತಕ ತೆಗ್ದು ನೋಡ್ಕೊಂಡೇ ಹೋಗ್ತಾರೆ, ಮೋಸ್‌ಗೆ ಬೇಕಾಗಿದ್ದ ಸಾಕ್ಷಿ ಎಲ್ಲ ಇಲ್ಲಿ ಟ್ರಂಕಲ್ಲಿ ಬಿದ್ದಿದೆ. ಪೇಟೇಲಿ ಒಂದಿಷ್ಟು ಮನೆಯೋರು ಹಳೇ ಮುಯ್ಯಿ ಪುಸ್ತಕ ತೋರಿಸ್ತೀನಿ ಅಂದಿದಾರೆ, ಒಂದ್ರಲ್ಲಿ ಹಣದ ಜೊತೆ ಕೊಬ್ಬರಿ ಬಟ್ಟಲು, ಸೇರಕ್ಕಿ ಎಲ್ಲ ಬರ್ದಿದೆ.

ಮೊದಲು ನಮ್ಮ ಮನೇದೇ ನೋಡೋಣ ಅಂತ ಅಟ್ಟದಿಂದ ನಮ್ಮ ಮದುವೆ ಪುಸ್ತಕ ಇಳಿಸ್ದೆ. ನಮ್ಮನೆಯವಳು ಪಕ್ಕದಲ್ಲಿ ಬಂದು ಕೂತು, ಕನ್ನಡಕ ಹಾಕ್ಕೊಂಡು, ನಿಧಾನವಾಗಿ ಪುಟ ತಿರುಗಿಸಿ ಒಂದು ಕಡೆ ಬೆರಳಿಟ್ಲು. "ನಿಮ್ಮ ದೊಡ್ಡಮ್ಮನ ಮನೆಯೋರು ಐವತ್ತೊಂದು. ಅವ್ರ ಮಗಳ ಮದುವೆಗೆ ನೀವು ಐನೂರ ಒಂದು ಮಾಡಿದ್ರಿ, ನಂಗೆ ಗೊತ್ತು." ನಾನು ಹಣದುಬ್ಬರ ಅಂತ ಏನೋ ಶುರು ಮಾಡ್ದೆ, ಎಕನಾಮಿಕ್ಸ್ ಓದಿದೋನು ನೋಡಿ, ಅವಳು ಕೇಳಿಸ್ಕೊಳ್ದೆ ಇನ್ನೊಂದು ಪುಟ ತಿರುಗಿಸಿದ್ಲು.